ಅಣ್ಣನ ಮನೆಗೆ ಹೊಡೆಯದ ಬಣ್ಣ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಬಾಯಿಬೀಗ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳೂ ಬೇಸರವಿಲ್ಲದೆ ಓಗೊಡುತ್ತಿದ್ದಳು. ಆದರೆ ಆ ಹೆಸರಿಟ್ಟವರು ಆಫೀಸಿನವರಲ್ಲ, ಅವಳ ಸ್ವಂತ ಅಣ್ಣ. ಚಿಕ್ಕವರಿದ್ದಾಗ ಅಣ್ಣ ಒಮ್ಮೆ ಅಪ್ಪನ ಸೈಕಲ್ಲು ಕದ್ದು ಓಡಿಸಿ, ಗೋಡೆಗೆ ಗುದ್ದಿ, ಮುಂದಿನ ಚಕ್ರ ಸೊಟ್ಟ ಮಾಡಿ ಏನೂ ಆಗದವನಂತೆ ತಂದು ನಿಲ್ಲಿಸಿದ್ದ. ಅಪ್ಪ ಬೆಲ್ಟು ಬಿಚ್ಚಿಕೊಂಡು ಬಂದಾಗ ಸೈಕಲ್ಲಿನ ಪಕ್ಕ ನಿಂತಿದ್ದವಳು ತಂಗಿ. ಪೆಟ್ಟು ತಿಂದಳೇ ಹೊರತು ಅಣ್ಣನ ಹೆಸರೆತ್ತಲಿಲ್ಲ. ಅಂದಿನಿಂದ ಅಣ್ಣನಿಗೆ ಅವಳೆಂದರೆ ಪಂಚಪ್ರಾಣ. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮರೆತುಹೋದ ಊಟದ ಡಬ್ಬಿ ಕೊಡಲು ಬಂದವನು, ಗೇಟಿನ ಕಾವಲುಗಾರನ ಹತ್ತಿರ ಈ ಕತೆಯನ್ನು ಉಪ್ಪುಖಾರ ಹಚ್ಚಿ ಹೇಳಿ ಹೋದ. ಗೇಟಿನಲ್ಲಿ ಹೇಳಿದ್ದು ಮಧ್ಯಾಹ್ನದೊಳಗೆ ಮೇಲಿನ ಮಹಡಿ ಮುಟ್ಟಿತು. ಹೆಸರು ಅಂಟಿಕೊಂಡಿತು.

ಅವಳಿದ್ದ ಇಲಾಖೆಗೆ ಅದಕ್ಕಿಂತ ಒಳ್ಳೆಯ ಹೆಸರು ಬೇಕಿರಲಿಲ್ಲ. ಅಂಗಡಿಗಳು ಮೇಲ್ನೋಟಕ್ಕೆ ಪೈಪೋಟಿ ಮಾಡುತ್ತ ಒಳಗೊಳಗೇ ಕೈಕೈ ಹಿಡಿದುಕೊಂಡು ಬೆಲೆ ಕಟ್ಟುತ್ತವಲ್ಲ, ಅಂಥ ಕೂಟಗಳನ್ನು ಹಿಡಿಯುವುದು ಆ ಇಲಾಖೆಯ ಕೆಲಸ. ಮೊದಲೆಲ್ಲ ಇಂಥ ಕೂಟದವರು ಹೋಟೆಲ್ಲಿನ ಹಿಂದಿನ ರೂಮಿನಲ್ಲಿ ಸೇರುತ್ತಿದ್ದರಂತೆ. ಈಗ ಅಂಗಡಿಯೇ ಕಂಪ್ಯೂಟರಿನೊಳಗೆ ಇರುವಾಗ ಕೂಟಕ್ಕೆ ರೂಮು ಯಾಕೆ? ಹಾಗಾಗಿ ದಾಳಿಗೆ ಹೋದ ತಂಡಕ್ಕೆ ಅಲ್ಲಿನ ಕಂಪ್ಯೂಟರು, ಮೊಬೈಲುಗಳಲ್ಲಿ ಇದ್ದದ್ದನ್ನೆಲ್ಲ ಇದ್ದ ಹಾಗೆಯೇ ನಕಲು ತೆಗೆದುಕೊಡುವವರು ಬೇಕು. ಅದು ಇವಳ ಕೆಲಸ. ಕಪ್ಪು ಪೆಟ್ಟಿಗೆ ಬಿಚ್ಚಿ, ತಂತಿ ಸಿಕ್ಕಿಸಿ, ಹಸಿರು ದೀಪ ಹತ್ತುವ ತನಕ ಕಾಯುವುದು. ಓದಬಾರದು, ಕೇಳಬಾರದು, ಒಂದು ಗುಂಡಿ ಹೆಚ್ಚು ಒತ್ತಬಾರದು.

ದಾಳಿ ಎಲ್ಲಿ ಎಂಬುದನ್ನು ಹಿಂದಿನ ಮಧ್ಯಾಹ್ನದವರೆಗೆ ಯಾರಿಗೂ ಹೇಳುತ್ತಿರಲಿಲ್ಲ. ಮೊದಲು ಎಲ್ಲರ ಮೊಬೈಲು ತೆಗೆದಿಟ್ಟುಕೊಂಡು, ಆಮೇಲೆ ಬಾಗಿಲು ಹಾಕಿ ವಿಳಾಸ ತೋರಿಸುತ್ತಿದ್ದರು. ಮನೆಯಲ್ಲಿ ಗಂಡ ಹೆಂಡತಿಗೂ ಹೇಳುವಂತಿಲ್ಲ. ಇವಳಿಗೆ ಆ ತಾಪತ್ರಯವೂ ಇರಲಿಲ್ಲ. ಮದುವೆ ಆಗಿತ್ತು, ಮುಗಿದೂ ಆಗಿತ್ತು, ಅದರ ಬಗ್ಗೆಯೂ ಅವಳು ಬಾಯಿ ಬಿಟ್ಟವಳಲ್ಲ. ಮನೆಯಲ್ಲಿ ಇದ್ದದ್ದು ಅಪ್ಪ ಒಬ್ಬರೇ.

ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು. ಕೆಲಸ ಬಿಟ್ಟು ಎಷ್ಟೋ ಕಾಲವಾದರೂ ಬಸ್ಸು ಅವರನ್ನು ಬಿಟ್ಟಿರಲಿಲ್ಲ. ಮನೆಗೆ ಯಾರು ಬಂದರೂ ಬಾಗಿಲಲ್ಲಿ ನಿಂತು "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಬೇಕಾದಷ್ಟು ಜಾಗ ಇದೆ" ಎನ್ನುತ್ತಿದ್ದರು. ಇತ್ತೀಚೆಗೆ ಮರೆವು ಹೆಚ್ಚಾಗಿತ್ತು. ಒಲೆ ಮೇಲೆ ಹಾಲಿಟ್ಟು ಕಿಟಕಿಗೆ ಹೋಗಿ ನಿಂತರೆ ಹಾಲು ಸುಟ್ಟು ಪಾತ್ರೆ ಕರಕಲಾಗುವವರೆಗೂ ಎಚ್ಚರವಿಲ್ಲ. ಆದರೆ ಮರೆಯಬಾರದ್ದನ್ನು ಮರೆತು, ಮರೆಯಬಹುದಾದದ್ದನ್ನೆಲ್ಲ ನೆನಪಿಟ್ಟುಕೊಳ್ಳುವ ವಿಚಿತ್ರ ಮರೆವು ಅದು. ಒಬ್ಬರನ್ನೇ ಬಿಟ್ಟುಹೋಗುವ ಹಾಗಿರಲಿಲ್ಲ. ದಾಳಿ ಎಂದರೆ ಮೂರು ನಾಲ್ಕು ದಿನ ಹೊತ್ತುಗೊತ್ತಿಲ್ಲದ ಕೆಲಸ. ಅದಕ್ಕೇ ಪ್ರತಿ ದಾಳಿಯ ಹಿಂದಿನ ಸಂಜೆ ಅವಳು ಅಪ್ಪನ ಚೀಲ ತುಂಬಿ ಅಣ್ಣನ ಮನೆಗೆ ಬಿಟ್ಟು ಬರುತ್ತಿದ್ದಳು. ಅಣ್ಣನ ಮನೆಯ ಬಾಲ್ಕನಿ ಸರಿಯಾಗಿ ಬಸ್ ಡಿಪೋದ ಮೇಲೆ. ಅಪ್ಪನಿಗೆ ಅದು ಸ್ವರ್ಗ. ಅಲ್ಲಿ ಕೂತು ಯಾವ ಬಸ್ಸು ತಡ, ಯಾವ ಡ್ರೈವರ್ ದಂಡಪಿಂಡ ಎಂದು ದಿನವಿಡೀ ಬೈಯಬಹುದಿತ್ತು.

ಹೀಗಾಗಿ ಬಾಯಿಬೀಗ ತುಟಿ ಪಿಟಕ್ಕೆನ್ನದಿದ್ದರೂ ಅಣ್ಣ ಅತ್ತಿಗೆಯರಿಗೆ ವಿಷಯ ತಿಳಿಯುತ್ತಿತ್ತು. ಅಪ್ಪನ ಚೀಲ ಬಂತೆಂದರೆ ನಾಳೆ ಯಾರಿಗೋ ಗ್ರಹಚಾರ ಕಾದಿದೆ.

"ಈ ಸಲ ಯಾರ ಮನೆ ಬಾಗಿಲು ತಟ್ತೀಯ ಪುಟ್ಟೀ?" ಎಂದು ಅಣ್ಣ ಚೀಲ ಇಸಿದುಕೊಳ್ಳುತ್ತ ಕೇಳುತ್ತಿದ್ದ.

ಅವಳು ನಕ್ಕು ಚಪ್ಪಲಿ ಮೆಟ್ಟುತ್ತಿದ್ದಳು. ಯಾರ ಮನೆ ಎಂದು ತಾನೇ ಹೇಳದಿರುವಾಗ ಇದರಲ್ಲಿ ಗುಟ್ಟು ಬಿಟ್ಟಿದ್ದೇನಿದೆ? ಅವಳಿಗೆ ಹಾಗೇ ಅನ್ನಿಸಿತ್ತು. ಯಾರಿಗಾದರೂ ಹಾಗೇ ಅನ್ನಿಸುತ್ತಿತ್ತು.

ಒಮ್ಮೆ ಮಾತ್ರ ಅಣ್ಣ ಬೇರೆ ಏನನ್ನೋ ಕೇಳಿದ. ಅವನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು.

"ನಿಮ್ಮ ಆಫೀಸಿನ ಗೋಡೆ ಮೇಲೆ ದೊಡ್ಡದಾಗಿ ಬರೆದಿದ್ದೀರಲ್ಲ, ತಾವೇ ಬಂದು ಒಪ್ಪಿಕೊಂಡವರಿಗೆ ಮಾಫಿ ಅಂತ. ಅದು ನಿಜಾನಾ?"

ಗೋಡೆ ಮೇಲೆ ಬರೆದದ್ದನ್ನು ಹೇಳಲು ಅವಳಿಗೆ ಅಡ್ಡಿ ಇರಲಿಲ್ಲ. "ನಿಜಾನೇ. ಕೂಟದಲ್ಲಿ ಇದ್ದವರ ಪೈಕಿ ಮೊದಲು ಬಂದವರಿಗೆ ಮಾತ್ರ. ಅದೂ ದಾಳಿ ಶುರುವಾಗೋ ಮುಂಚೆ."

"ಎರಡನೆಯವನು ಬಂದ್ರೆ?"

"ಅವನಿಗೆ ದಂಡ. ಸ್ವಲ್ಪ ಕಡಿಮೆ ಆಗಬಹುದು ಅಷ್ಟೆ."

"ಮೊದಲು ಬಂದೋನು ಅರ್ಧ ಹೇಳಿ ಅರ್ಧ ಮುಚ್ಚಿಟ್ರೆ?"

"ಹಾಗೆ ಮಾಡಿದ್ರೆ ಮಾಫಿ ಇಲ್ಲ. ಒಂದು ಸಾಸಿವೆ ಕಾಳಿನಷ್ಟೂ ಮುಚ್ಚಿಡಬಾರದು."

ಅಣ್ಣ ತಟ್ಟೆಯಲ್ಲಿದ್ದದ್ದನ್ನು ಬೆರಳಿನಿಂದ ಒಂದೆಡೆಗೆ ದೂಡುತ್ತ ಕೂತ. ಅತ್ತಿಗೆ "ಕೈ ಒಣಗ್ತಾ ಇದೆ, ಊಟ ಮಾಡಿ" ಎಂದರು. ಆ ಗಳಿಗೆಯಲ್ಲಿ ತಲೆಯೆತ್ತಿ ಅಣ್ಣನ ಮುಖ ನೋಡಿದ್ದರೆ ಅವಳಿಗೆ ಏನಾದರೂ ಹೊಳೆಯುತ್ತಿತ್ತೋ ಏನೋ. ಅವಳು ಅಪ್ಪನ ತಟ್ಟೆಗೆ ಬಡಿಸುತ್ತಿದ್ದಳು.

ಅಣ್ಣನ ವ್ಯಾಪಾರ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅಡುಗೆಮನೆಯ ಗೋಡೆಗೆ ತೂಗುಹಾಕುವ, ಕುಡಿಯುವ ನೀರು ಶುದ್ಧ ಮಾಡುವ ಯಂತ್ರ ಇರುತ್ತದಲ್ಲ, ಅದರ ಫಿಲ್ಟರುಗಳನ್ನು ಆನ್‌ಲೈನಿನಲ್ಲಿ ಮಾರುತ್ತಿದ್ದ. ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನ ಮೇಲೆ, ಮೂರನೇ ಮಹಡಿಯಲ್ಲಿ ಅವನ ಆಫೀಸು. ಅಲ್ಲಿನ ಮೊದಲ ಕಂಪ್ಯೂಟರನ್ನು ಜೋಡಿಸಿಕೊಟ್ಟವಳೂ ಇವಳೇ. ಇವಳ ಮನೆಯ ಫಿಲ್ಟರ್ ಹಳೆಯದಾದಾಗ ಅಣ್ಣ ತಾನೇ ಬಂದು, ತೋಳು ಮಡಚಿ, ಹೊಸದನ್ನು ತಿರುಗಿಸಿ ಕೂರಿಸಿ ಹೋಗುತ್ತಿದ್ದ. ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಹೀಗಾಗಿ ಊರಿನ ಜನರೆಲ್ಲ ಆ ಫಿಲ್ಟರಿಗೆ ಎಷ್ಟು ತೆರುತ್ತಿದ್ದಾರೆಂದು ಇಡೀ ಊರಿನಲ್ಲಿ ಗೊತ್ತಿಲ್ಲದವಳು ಇವಳೊಬ್ಬಳೇ ಆಗಿದ್ದಳು.

ಆ ಮಧ್ಯಾಹ್ನ ಮೊಬೈಲುಗಳನ್ನೆಲ್ಲ ಬುಟ್ಟಿಗೆ ಹಾಕಿಸಿಕೊಂಡು ಬಾಗಿಲು ಹಾಕಿದರು. ಇಲಾಖೆಯ ಮುಖ್ಯಸ್ಥೆ ಎದ್ದು ನಿಂತರು. ಬಿಗಿಯಾಗಿ ಕಟ್ಟಿದ ತುರುಬು, ಮೆತ್ತಗಿನ ಮಾತು. ಅವರು ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ, ಅದಕ್ಕೇ ಎಲ್ಲರಿಗೂ ಅವರ ಭಯ.

"ನಾಲ್ಕು ಅಂಗಡಿ. ನಾಲ್ಕೂ ಆನ್‌ಲೈನ್. ನೀರಿನ ಫಿಲ್ಟರ್ ಮಾರ್ತಾರೆ. ಒಬ್ಬರ ಬೆಲೆ ಏರಿದ್ರೆ ಕಣ್ಣು ಮಿಟುಕಿಸೋದ್ರೊಳಗೆ ಉಳಿದ ಮೂರೂ ಏರುತ್ವೆ. ಬೆಲೆ ಹಾಕೋದು ಮನುಷ್ಯರಲ್ಲ, ಒಂದು ಪ್ರೋಗ್ರಾಮು. ನಾಲ್ವರೂ ಅದನ್ನೇ ಇಟ್ಕೊಂಡು, ಯಾರೂ ಯಾರಿಗಿಂತ ಕಡಿಮೆಗೆ ಮಾರಬಾರದು ಅಂತ ಅದಕ್ಕೆ ಕಲಿಸಿದ್ದಾರೆ ಅನ್ನೋದು ನಮ್ಮ ಅನುಮಾನ."

ಅನುಮಾನ ಹುಟ್ಟಿದ ಬಗೆ ತಮಾಷೆಯಾಗಿತ್ತು. ಬೇಸಿಗೆಯ ಒಂದು ಮಧ್ಯಾಹ್ನ ಆ ಪ್ರೋಗ್ರಾಮಿಗೆ ತಲೆಕೆಟ್ಟು, ಒಂದು ಗೇಣಿನ ಫಿಲ್ಟರಿಗೆ ಫ್ರಿಜ್ಜಿನ ಬೆಲೆ ಹಾಕಿಬಿಟ್ಟಿತು. ನಾಲ್ಕೂ ಅಂಗಡಿಗಳಲ್ಲಿ, ಒಂದೇ ಬಾರಿಗೆ. ಅದನ್ನು ಕಂಡ ಗೃಹಿಣಿಯೊಬ್ಬರು ಫೋಟೋ ತೆಗೆದು ದೂರು ಬರೆದಿದ್ದರು. ಕೋಣೆಯಲ್ಲಿ ಎಲ್ಲರೂ ನಕ್ಕರು. ಅವಳೂ ನಗಲು ಹೊರಟಳು. ನೀರಿನ ಫಿಲ್ಟರ್ ಎಂಬ ಮಾತು ಕೇಳಿದಾಗಲೇ ಅಣ್ಣನ ನೆನಪಾಗಿತ್ತು. ಊರಿನಲ್ಲಿ ಫಿಲ್ಟರ್ ಮಾರುವವರು ಎಷ್ಟೋ ಮಂದಿ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಗೋಡೆಯ ಮೇಲೆ ಒಂದೊಂದೇ ವಿಳಾಸ ಮೂಡುತ್ತ ಹೋಯಿತು. ಕೊನೆಯದರಲ್ಲಿ ಕಟ್ಟಡದ ಫೋಟೋ ಇತ್ತು. ಕೆಳಗೆ ಹಲ್ಲಿನ ಡಾಕ್ಟರರ ಬೋರ್ಡು. ಪಕ್ಕದಲ್ಲೇ ಮನೆಯ ವಿಳಾಸ, ಬಸ್ ಡಿಪೋದ ಎದುರು. ಮನೆಯನ್ನೂ ಶೋಧಿಸುವವರಿದ್ದರು.

ಅವಳು ಮಾಡಬೇಕಾದ್ದನ್ನು ಮಾಡಿದಳು. ಎಲ್ಲರೂ ಏಳುತ್ತಿದ್ದಂತೆ ನೇರವಾಗಿ ಮುಖ್ಯಸ್ಥೆಯ ಹತ್ತಿರ ಹೋದಳು.

"ಮೇಡಂ, ಕೊನೇದು ನನ್ನ ಅಣ್ಣ."

ಮುಖ್ಯಸ್ಥೆ ಕೈಯಲ್ಲಿದ್ದ ಕಾಗದ ಕೆಳಗಿಟ್ಟರು. "ಅವರ ವ್ಯಾಪಾರದಲ್ಲಿ ನಿನ್ನ ಪಾಲು ಏನಾದರೂ ಇದೆಯಾ?"

"ಇಲ್ಲ."

"ಈ ವಿಷಯ ಮುಂಚೆ ಗೊತ್ತಿತ್ತಾ?"

"ಇಲ್ಲ ಮೇಡಂ. ಈಗಲೇ ನೋಡಿದ್ದು."

"ಕಾನೂನಿನ ಪ್ರಕಾರ ನಿನ್ನನ್ನ ನಾಳೆ ಬೆಳಗ್ಗೆವರೆಗೂ ಇಲ್ಲೇ ಕೂರಿಸಬೇಕು. ಆದರೆ ನಿನ್ನಪ್ಪ ಒಬ್ಬರೇ ಇರ್ತಾರೆ ಅಂತ ನನಗೆ ಗೊತ್ತು." ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ನಾಳೆ ನೀನು ಎರಡನೇ ವಿಳಾಸಕ್ಕೆ ಹೋಗು. ಈಗ ಮನೆಗೆ ಹೋಗಿ ಎಂದಿನ ಹಾಗೆ ಇರು. ಎಂದಿನ ಹಾಗೆ ಅಂದ್ರೆ ಎಂದಿನ ಹಾಗೆ. ಏನೂ ಬದಲಾಗಬಾರದು, ತಿಳೀತಾ?"

"ತಿಳೀತು ಮೇಡಂ."

ಎಂದಿನ ಹಾಗೆ ಎಂದರೆ ಅಪ್ಪನನ್ನು ಅಣ್ಣನ ಮನೆಗೆ ಬಿಡುವುದು ಎಂದು ಅವಳು ಹೇಳಲಿಲ್ಲ. ಅದು ಮನೆಯ ಸಮಾಚಾರ, ಆಫೀಸಿಗೆ ಯಾಕೆ ಎಂದುಕೊಂಡಳು. ಬಾಯಿ ಬಿಡದೆ ಬದುಕಿದವರಿಗೆ ಯಾವುದನ್ನು ಬಿಡಬೇಕು ಎಂಬುದೇ ಮರೆತುಹೋಗುತ್ತದೆ. ಆ ಒಂದು ಮಾತು ಅಲ್ಲಿ ಆಡಿದ್ದರೆ ಈ ಕತೆ ಇರುತ್ತಿರಲಿಲ್ಲ.

ಬೇಗ ಬಂದ ಮಗಳನ್ನು ಕಂಡೊಡನೆ ಅಪ್ಪ ಮಂಚದ ಕೆಳಗಿನಿಂದ ಚೀಲ ಎಳೆದರು. "ಹೊರಡೋಣ್ವಾ? ಹಲ್ಲುಜ್ಜೋ ಬ್ರಶ್ ಮರೀಬೇಡ. ಹೋದ ಸಲ ಅವನ ಬ್ರಶ್ಶಲ್ಲಿ ಉಜ್ಜಿದ್ದಕ್ಕೆ ಮನೆ ತಲೆ ಮೇಲೆ ಹೊತ್ಕೊಂಡಿದ್ದ."

ಅವಳು ಚೀಲ ಹಿಡಿದು ನಿಂತಳು. ಮರುದಿನದ ಬೆಳಗು ಕಣ್ಣಿಗೆ ಕಟ್ಟಿತು. ಅಣ್ಣನ ಮನೆಯ ಬಾಗಿಲು ತಟ್ಟುತ್ತಾರೆ. ಅಪ್ಪನೇ ತೆಗೆಯುತ್ತಾರೆ. ಅವಳೊಡನೆ ದಿನವೂ ಚಹಾ ಕುಡಿಯುವ ಜನ ಗುರುತಿನ ಚೀಟಿ ತೋರಿಸುತ್ತಾರೆ. ಅಪ್ಪ ಅಗಲವಾಗಿ ನಗುತ್ತ "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಅವರನ್ನು ಮಗನ ಕಪಾಟಿನವರೆಗೆ ಕಳಿಸುತ್ತಾರೆ. ಅತ್ತಿಗೆ ಅಳುತ್ತಾರೆ, ಅಪ್ಪನಿಗೆ ಯಾಕೆಂದು ತಿಳಿಯುವುದಿಲ್ಲ. ಅಪ್ಪನನ್ನು ತನ್ನ ಕೈಯಾರೆ ಆ ಬಾಗಿಲಲ್ಲಿ ನಿಲ್ಲಿಸಿ ಬರಲು ಅವಳಿಂದಾಗಲಿಲ್ಲ.

"ಅಪ್ಪಾ, ಈ ಸಲ ಪಕ್ಕದ ಮನೆ ಟೀಚರಮ್ಮನ ಹತ್ರ ಇರು."

"ಯಾಕೆ? ಅಣ್ಣನಿಗೇನಾಯ್ತು?"

"ಏನೂ ಆಗಿಲ್ಲ. ಅವರ ಮನೇಲಿ..." ಅವಳು ಚೀಲದ ಜಿಪ್ಪು ಎಳೆದಳು. "ಬಣ್ಣ ಹೊಡೆಸ್ತಾ ಇದ್ದಾರೆ. ವಾಸನೆ ಇರುತ್ತೆ. ನಿಂಗೆ ಕೆಮ್ಮು ಬರುತ್ತೆ."

ಇಷ್ಟು ವರ್ಷದ ಮೌನದಲ್ಲಿ ಅವಳು ಆಡಿದ ಒಂದೇ ಒಂದು ಸುಳ್ಳು ಅದು. ಅಭ್ಯಾಸವಿಲ್ಲದವರು ಸುಳ್ಳು ಹೇಳಬಾರದು. ಅಭ್ಯಾಸ ಇದ್ದವರಾದರೆ, ಸಂಜೆಯಾದರೆ ಅಪ್ಪ ಮಗನಿಗೆ ಫೋನು ಮಾಡದೆ ಇರುವವರಲ್ಲ ಎಂಬುದನ್ನು ಮೊದಲು ನೆನೆಯುತ್ತಿದ್ದರು.

ಟೀಚರಮ್ಮ ರಿಟೈರಾದ ಗಣಿತದ ಟೀಚರು. ಸಂತೋಷದಿಂದಲೇ ಬಾಗಿಲು ತೆಗೆದರು. ಆದರೆ ಅವರ ಮನೆಯ ಕಿಟಕಿಗಳೆಲ್ಲ ಹಿಂದಿನ ಗೋಡೆಗೆ ಎದುರು. ಅಪ್ಪ ಕೂತಲ್ಲಿ ಕೂರದೆ ಚಡಪಡಿಸಿದರು. ಮಗಳು ಅತ್ತ ಹೋದದ್ದೇ ತಮ್ಮ ಮೊಬೈಲಿನ ಸ್ಪೀಕರ್ ಹಾಕಿ ಮಗನಿಗೆ ಫೋನು ಮಾಡಿದರು. ಏನು ಹೇಳಿದರೆಂದು ಆಮೇಲೆ ಟೀಚರಮ್ಮ ಇಲಾಖೆಯವರ ಮುಂದೆ ಒಂದಕ್ಷರ ಬಿಡದೆ ಒಪ್ಪಿಸಿದರು.

"ಏನೋ, ನನ್ನನ್ನ ಇಲ್ಲಿ ತಂದು ಬಿಟ್ಟಿದ್ದಾಳೆ. ಒಂದು ಬಸ್ಸೂ ಕಾಣಲ್ಲ. ಬಣ್ಣ ಹೊಡೆಯೋದು ಎಷ್ಟು ದಿನ ಆಗುತ್ತೆ? ಬೇಗ ಮುಗಿಸು ಮಾರಾಯ."

ಅತ್ತ ಕಡೆಯಿಂದ ಬಹಳ ಹೊತ್ತು ದನಿಯೇ ಬರಲಿಲ್ಲವಂತೆ. ಅಪ್ಪ "ಹಲೋ, ಹಲೋ" ಎಂದು ಕೂಗಿದರಂತೆ. ಆಮೇಲೆ ಅಣ್ಣ ತುಂಬ ಮೃದುವಾಗಿ "ಆಗುತ್ತೆ ಅಪ್ಪಾ, ಬೇಗ ಮುಗಿಯುತ್ತೆ. ನೀನು ಊಟ ಮಾಡಿ ಮಲಕ್ಕೋ" ಎಂದನಂತೆ.

ಮರುದಿನ ಬೆಳಗ್ಗೆ ಅವಳು ತಂಡದೊಡನೆ ಎರಡನೇ ವಿಳಾಸಕ್ಕೆ ಹೋದಳು. ಟೈರು ಅಂಗಡಿಯ ಮೇಲಿನ ಉದ್ದ ಕೋಣೆ. ನೆಲದಿಂದ ಸೂರಿನವರೆಗೆ ರಟ್ಟಿನ ಪೆಟ್ಟಿಗೆಗಳು, ಅಂಟುಟೇಪಿನ ವಾಸನೆ, ಒಂದು ಮೂಲೆಯಲ್ಲಿ ತೂಕದ ಯಂತ್ರ. ಅಂಗಡಿಯ ಯಜಮಾನಿ ತುಂಬು ಗರ್ಭಿಣಿ. ಒಂದು ಕೈ ಸೊಂಟದ ಮೇಲಿಟ್ಟುಕೊಂಡು, ಬಂದವರು ಗಿರಾಕಿಗಳೋ ಏನೋ ಎಂದು ನಗುತ್ತಲೇ ಎದ್ದಳು. ಚೀಟಿ ತೋರಿಸಿದಾಗ ಆ ನಗೆ ಮುಖದ ಮೇಲೆಯೇ ಉಳಿಯಿತು, ಕಣ್ಣು ಮಾತ್ರ ಬೇರೆಯಾಯಿತು.

"ನಾವೇನು ಮಾಡಿದ್ವಿ? ಬೆಲೆ ಹಾಕೋದು ಆ ಪ್ರೋಗ್ರಾಮು. ಎಲ್ಲರೂ ಇಟ್ಕೊಂಡಿದ್ದಾರೆ ಅಂತ ನಾವೂ ಇಟ್ಕೊಂಡ್ವಿ."

ಬಾಯಿಬೀಗ ತನ್ನ ಕಪ್ಪು ಪೆಟ್ಟಿಗೆ ಬಿಚ್ಚಿ ತಂತಿ ಸಿಕ್ಕಿಸಿದಳು. ಮೇಜಿನ ಮೇಲಿದ್ದ ಯಜಮಾನಿಯ ಮೊಬೈಲು ಅಷ್ಟರಲ್ಲಿ ತಾನಾಗಿಯೇ ಬೆಳಗಿತು. ಓದಬಾರದು ಎಂದುಕೊಳ್ಳುವ ಮೊದಲೇ ಕಣ್ಣು ಓದಿಯಾಗಿತ್ತು. ನಾಲ್ವರ ಗುಂಪು, ಅದಕ್ಕೆ "ಕುಟುಂಬ" ಎಂದು ಹೆಸರು. ಯಾರೋ ಒಬ್ಬರು "ನಿಮ್ಮಲ್ಲಿಗೂ ಬಂದ್ರಾ?" ಎಂದು ಕೇಳುತ್ತಿದ್ದರು. ಅದರ ಮೇಲೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು. ಅವಳ ಅಣ್ಣ ಗುಂಪಿನಿಂದ ಹೊರಗೆ ಹೋಗಿದ್ದಾನೆ.

ಆ ಸಾಲಿನ ಪಕ್ಕದಲ್ಲಿದ್ದ ಸಮಯ ಹಿಂದಿನ ಸಂಜೆಯದು.

ಹಸಿರು ದೀಪ ಇನ್ನೂ ಹತ್ತಿರಲಿಲ್ಲ. ತಂಡದ ಹಿರಿಯನಿಗೆ ಫೋನು ಬಂತು. ಅವನು "ಹೂಂ, ಹೂಂ" ಎನ್ನುತ್ತ ಕೇಳಿಸಿಕೊಂಡ. ಮಾತಿನ ನಡುವೆ ಒಮ್ಮೆ ತಿರುಗಿ ಅವಳತ್ತ ನೋಡಿದ, ಆಮೇಲೆ ನೋಡುವುದನ್ನು ನಿಲ್ಲಿಸಿದ. ಅವಳಿಗೆ ಹೆದರಿಕೆಯಾದದ್ದು ಅವನು ನೋಡದೆ ಇದ್ದದ್ದರಿಂದಲೇ. ಫೋನು ಇಟ್ಟು ಅವಳ ಬಳಿ ಬಂದು ಮೆಲ್ಲಗೆ ಹೇಳಿದ.

"ಕೆಲಸ ನಿಲ್ಲಿಸು. ಏನನ್ನೂ ಮುಟ್ಟಬೇಡ. ಹೊರಗೆ ಮೆಟ್ಟಿಲ ಮೇಲೆ ಕೂತಿರು."

"ಯಾಕೆ ಸಾರ್?"

"ನನ್ನನ್ನ ಕೇಳಬೇಡ."

ನಿನ್ನೆಯವರೆಗೂ ಬಾಯಿಬೀಗ ಎಂದು ಗೇಲಿ ಮಾಡುತ್ತಿದ್ದವನು ಇವತ್ತು ಯಾವ ಹೆಸರನ್ನೂ ಹಿಡಿಯಲಿಲ್ಲ. ಅವಳು ಮೆಟ್ಟಿಲ ಮೇಲೆ ಕೂತಳು. ಕೆಳಗೆ ಟೈರಿಗೆ ಗಾಳಿ ತುಂಬುವ ಸದ್ದು. ಸ್ವಲ್ಪ ಹೊತ್ತಿಗೆ ಗರ್ಭಿಣಿಯನ್ನೂ ಹೊರಗೆ ಕಳಿಸಿದರು. ಅವಳು ಏದುಸಿರು ಬಿಡುತ್ತ ಪಕ್ಕದಲ್ಲೇ ಬಂದು ಕೂತಳು.

"ನಿಮ್ಮನ್ನೂ ಹೊರಗೆ ಹಾಕಿದ್ರಾ?" ಎಂದಳು ಆಶ್ಚರ್ಯದಿಂದ.

ಬಾಯಿಬೀಗ ತಲೆಯಾಡಿಸಿದಳು.

ಅಂದು ಬೆಳಗ್ಗೆ ಇಲಾಖೆಯ ಗೇಟು ತೆಗೆಯುವ ಮೊದಲೇ ಅಣ್ಣ ವಕೀಲರೊಡನೆ ಬಂದು ಬೆಂಚಿನ ಮೇಲೆ ಕೂತಿದ್ದ. ಕಾವಲುಗಾರ ಗುರುತು ಹಿಡಿದು "ಏನ್ ಸಾರ್, ಮತ್ತೆ ಊಟದ ಡಬ್ಬಿನಾ?" ಎಂದು ನಕ್ಕಿದ್ದ. ದಾಳಿಯ ತಂಡಗಳು ಇನ್ನೂ ದಾರಿಯಲ್ಲಿದ್ದಾಗಲೇ ಅಣ್ಣ ಒಳಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡ. ಪ್ರೋಗ್ರಾಮು, ಗುಂಪು, ಯಾವಾಗ ಯಾರು ಏನು ಹೇಳಿದರು, ಎಲ್ಲ. ಮೊದಲು ಬಂದವನು ಅವನೇ ಆಗಿದ್ದ. ಕಾನೂನಿನ ಪ್ರಕಾರ ಅವನಿಗೆ ಪೂರ್ತಿ ಮಾಫಿ.

ಕೇಳಿಕೊಂಡ ಅಧಿಕಾರಿ ಕೊನೆಯಲ್ಲಿ ಒಂದೇ ಒಂದು ಪ್ರಶ್ನೆ ಹಾಕಿದರು. "ಇಷ್ಟು ವರ್ಷ ಬರದೆ ಇವತ್ತೇ ಯಾಕೆ ಬಂದ್ರಿ?"

ವಕೀಲರು ಅಣ್ಣನ ಮುಖ ನೋಡಿದರು. ಸಾಸಿವೆ ಕಾಳಿನಷ್ಟೂ ಮುಚ್ಚಿಡುವಂತಿರಲಿಲ್ಲ. ಅಣ್ಣ ಮುಚ್ಚಿಡಲಿಲ್ಲ.

ಅದೇ ಕೋಣೆಯಲ್ಲಿ, ಗೋಡೆಯ ಮೇಲೆ ವಿಳಾಸ ಮೂಡಿದ್ದ ಕೋಣೆಯಲ್ಲಿ, ಮುಖ್ಯಸ್ಥೆ ಅಣ್ಣನ ಹೇಳಿಕೆಯನ್ನು ಅವಳಿಗೆ ಓದಿ ಹೇಳಿದರು. "ನನ್ನ ತಂಗಿ ಬಾಯಲ್ಲಿ ಹೇಳುವವಳಲ್ಲ. ಪ್ರತಿ ಸಲ ದಾಳಿಯ ಮುಂಚೆ ನಮ್ಮ ಮನೆಗೆ ಬಿಡುತ್ತಿದ್ದ ತಂದೆಯನ್ನು ಈ ಸಲ ಬಿಡಲಿಲ್ಲ. ನಮ್ಮ ಮನೆಯಲ್ಲಿ ಇಲ್ಲದ ಬಣ್ಣದ ನೆಪ ಹೇಳಿ, ತಂದೆಯ ಮೂಲಕ ನನಗೆ ಸೂಚನೆ ಕಳಿಸಿದಳು. ಚಿಕ್ಕಂದಿನಿಂದಲೂ ಅವಳು ನನ್ನನ್ನು ಹೀಗೆಯೇ ಕಾಪಾಡಿದ್ದಾಳೆ."

ಓದಿ ಮುಗಿಸಿ ಮುಖ್ಯಸ್ಥೆ ಕಾಗದವನ್ನು ಮಡಚಿಟ್ಟರು.

"ಸುಳ್ಳು ಮೇಡಂ. ನಾನು ಯಾವ ಸೂಚನೇನೂ ಕಳಿಸಿಲ್ಲ."

"ಬಣ್ಣ ಹೊಡೆಸ್ತಿದ್ದಾರೆ ಅಂತ ಹೇಳಿದ್ಯಾ?"

"ಹೇಳಿದೆ."

"ಹೊಡೆಸ್ತಿದ್ರಾ?"

"ಇಲ್ಲ."

"ಅಪ್ಪನನ್ನ ಪ್ರತಿ ಸಲ ಅಲ್ಲಿ ಬಿಡ್ತಿದ್ದೆ ಅಂತ ನನಗೆ ಯಾವತ್ತಾದರೂ ಹೇಳಿದ್ಯಾ?"

ಅಪ್ಪ ಬಾಗಿಲು ತೆಗೆಯುವ ಚಿತ್ರ, ಅತ್ತಿಗೆಯ ಅಳು, ಎಲ್ಲವನ್ನೂ ಹೇಳಬೇಕೆಂದು ಅವಳು ಬಾಯಿ ತೆರೆದಳು. ಮಾತಾಡಿ ರೂಢಿಯಿಲ್ಲದ ನಾಲಿಗೆ. ಹೇಳಿದ್ದು ತಡವರಿಸಿತು, ತಡವರಿಸಿದ್ದು ಸುಳ್ಳಿನ ಹಾಗೆ ಕೇಳಿಸಿತು. ಅವಳ ಕಿವಿಗೇ ಹಾಗೆ ಕೇಳಿಸಿತು.

"ನಿನ್ನನ್ನ ನಂಬಿ ಮನೆಗೆ ಕಳಿಸಿದೆ," ಎಂದರು ಮುಖ್ಯಸ್ಥೆ. ಆಗಲೂ ದನಿ ಏರಿಸಲಿಲ್ಲ.

ಅವಳನ್ನು ಕೆಲಸದಿಂದ ಅಮಾನತು ಮಾಡಿದರು. ವಿಚಾರಣೆ ನಡೆದು ತಪ್ಪು ಖಾತ್ರಿಯಾದರೆ ಕೆಲಸವಷ್ಟೇ ಅಲ್ಲ, ಜೈಲೂ ಆಗಬಹುದು ಎಂದು ಅವಳ ಪರವಾಗಿ ನಿಂತ ಯೂನಿಯನ್ನಿನವರು ಹೇಳಿದರು. ಅವಳು ಉಳಿಯುವ ದಾರಿ ಒಂದೇ ಇತ್ತು. ಹೇಳಿಕೆ ಕೊಟ್ಟವನೇ ಬಂದು, ಸೂಚನೆ ಎಂದದ್ದು ನನ್ನ ಊಹೆ, ಅವಳು ಕಳಿಸಿದ್ದಲ್ಲ ಎಂದು ಹೇಳಬೇಕು. ವಿಚಾರಣೆ ಮುಂದಿನ ವಾರಕ್ಕೆ ಇತ್ತು.

ಭಾನುವಾರ ಅಣ್ಣ ತಾನಾಗಿಯೇ ಬಂದ. ಕೈಯಲ್ಲಿ ಹೊಸ ಫಿಲ್ಟರು. ಉಳಿದ ಮೂರು ಅಂಗಡಿಗಳ ಮೇಲೆ ತಲೆ ಎತ್ತಲಾಗದಷ್ಟು ದಂಡ ಬೀಳುವುದೆಂದು ಪೇಪರಿನಲ್ಲಿ ಬಂದಿತ್ತು. ಟೈರು ಅಂಗಡಿಯ ಮೇಲಿನ ಕೋಣೆಗೆ ಆಗಲೇ ಬೀಗ ಬಿದ್ದಿತ್ತು. ಅಣ್ಣನ ವ್ಯಾಪಾರ ಮಾತ್ರ ಚೆನ್ನಾಗಿತ್ತು, ಮೊದಲಿಗಿಂತಲೂ ಚೆನ್ನಾಗಿತ್ತು. ಪೈಪೋಟಿಗೆ ಯಾರೂ ಉಳಿದಿರಲಿಲ್ಲ.

ಅವನು ಎಂದಿನಂತೆ ತೋಳು ಮಡಚಿ ಅಡುಗೆಮನೆಗೆ ಹೋಗಿ, ಯಂತ್ರದ ಮುಚ್ಚಳ ತೆಗೆದು ಹಳೆಯ ಫಿಲ್ಟರನ್ನು ತಿರುಗಿಸಿ ಬಿಚ್ಚಿದ. ಅದು ಕಂದು ಬಣ್ಣಕ್ಕೆ ತಿರುಗಿತ್ತು.

"ನೋಡು, ಇಷ್ಟು ಕೊಳೆ ನಿನ್ನ ಹೊಟ್ಟೆಗೆ ಹೋಗ್ತಿತ್ತು," ಎಂದ.

"ಅಣ್ಣಾ," ಎಂದಳು. "ನೀನು ಬಂದು ಹೇಳಬೇಕು. ನಾನು ಸೂಚನೆ ಕಳಿಸಿಲ್ಲ ಅಂತ."

ಅಣ್ಣ ಹೊಸದರ ಪ್ಲಾಸ್ಟಿಕ್ ಹರಿಯುವುದನ್ನು ನಿಲ್ಲಿಸಿದ. "ಈಗ ಮಾತು ಬದಲಾಯಿಸಿದ್ರೆ ಮೊದಲು ಹೇಳಿದ್ದು ಸುಳ್ಳು ಅಂತ ಆಗುತ್ತೆ ಪುಟ್ಟೀ. ವಕೀಲರನ್ನ ಕೇಳಿದೆ. ಒಂದು ಮಾತು ಸುಳ್ಳು ಅಂತ ಆದ್ರೂ ಮಾಫಿ ಹೋಗುತ್ತೆ. ಮನೆ ಮಠ ಎಲ್ಲ ಹೋಗುತ್ತೆ. ನಿನ್ನ ಅತ್ತಿಗೆ, ಮಕ್ಕಳು ಎಲ್ಲ ಬೀದಿಗೆ."

"ಹಾಗಾದ್ರೆ ನಾನು?"

"ನಿನ್ನನ್ನ ನಾನು ಬಿಟ್ಟು ಬಿಡ್ತೀನಾ? ಸಾಯೋವರೆಗೂ ನೋಡ್ಕೋತೀನಿ. ಇಂಥ ಕೆಲಸ ನೂರು ಸಿಗುತ್ತೆ." ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಹಾಗಿರದಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು. "ನನ್ನನ್ನ ಉಳಿಸಿದ್ದೀಯ. ಈ ಋಣ ಹೇಗೆ ತೀರಿಸಲಿ?"

"ನಾನು ಉಳಿಸಿಲ್ಲ! ಅಪ್ಪನ್ನ ಅಲ್ಲಿ ಬಿಡೋಕೆ ಮನಸ್ಸು ಬರಲಿಲ್ಲ, ಅಷ್ಟೆ. ಅಪ್ಪ ನಿನಗೆ ಫೋನ್ ಮಾಡ್ತಾರೆ ಅಂತ ನನಗೆ..."

ಮಾತು ಅರ್ಧಕ್ಕೇ ನಿಂತಿತು. ಸಂಜೆಯಾದರೆ ಅಪ್ಪ ಮಗನಿಗೆ ಫೋನು ಮಾಡುತ್ತಾರೆ ಎಂಬುದು ಅವಳಿಗೆ ಗೊತ್ತಿರಲಿಲ್ಲವೇ? ಎಷ್ಟು ವರ್ಷದಿಂದ ದಿನಾ ಕೇಳುತ್ತಿದ್ದಳು. ಟೀಚರಮ್ಮನ ಮನೆಯ ಗಂಟೆ ಒತ್ತುವಾಗ, ಎಲ್ಲೋ ತಳದಲ್ಲಿ, ಅದು ಹೊಳೆದಿರಲಿಲ್ಲವೇ? ಹೊಳೆಯಲಿಲ್ಲ ಎಂದು ಆಣೆ ಮಾಡಿ ಹೇಳಬಲ್ಲಳೇ? ಅವಳು ತನ್ನೊಳಗೆ ಹುಡುಕಿದಳು. ಅಲ್ಲಿಯೂ ಬೀಗವೇ ಇತ್ತು. ಅವಳಿಗೆ ವಿಪರೀತ ಭಯವಾಯಿತು.

ಅಣ್ಣ ಅವಳನ್ನೇ ನೋಡುತ್ತಿದ್ದ. ಮೆಲ್ಲಗೆ ನಕ್ಕ. "ಗೊತ್ತು ಬಿಡು. ಎಲ್ಲರ ಮುಂದೆ ಹೀಗೇ ಹೇಳು. ಆದರೆ ನನ್ನ ಹತ್ರ ಒಂದು ಸಲ ನಿಜ ಹೇಳು ಪುಟ್ಟೀ. ಬೇಕಂತಲೇ ಮಾಡಿದ್ದಲ್ವಾ?"

ಅವಳು ಉತ್ತರ ಕೊಡುವ ಮೊದಲೇ ಅಪ್ಪ ಅಡುಗೆಮನೆಯ ಬಾಗಿಲಿಗೆ ಬಂದರು. ಕಾಲಿಗೆ ಆಗಲೇ ಚಪ್ಪಲಿ, ಹೆಗಲಿಗೆ ಚೀಲ. ಮಗನನ್ನು ಕಂಡು ಮುಖವೆಲ್ಲ ಅರಳಿಸಿದರು.

"ಏನೋ, ಬಣ್ಣ ಒಣಗಿತಾ?"

ಅಣ್ಣ ಒಂದು ಗಳಿಗೆ ತಂಗಿಯ ಮುಖ ನೋಡಿದ. ಆಮೇಲೆ ಫಿಲ್ಟರನ್ನು ಕೊನೆಯ ಸುತ್ತು ತಿರುಗಿಸಿ ಬಿಗಿ ಮಾಡಿ, ಕೈ ಒರೆಸಿಕೊಂಡ.

"ಒಣಗಿತು ಅಪ್ಪಾ. ನಡಿ, ಹೋಗೋಣ," ಎಂದು ಚೀಲ ಇಸಿದುಕೊಂಡ.

"ಹಲ್ಲುಜ್ಜೋ ಬ್ರಶ್ ಹಾಕಿದ್ದೀಯೇನಮ್ಮಾ?" ಎಂದು ಅಪ್ಪ ಮಗಳನ್ನು ಕೇಳಿದರು. ಹಾಕಿದ್ದೇನೆ ಎಂದು ಅವಳು ತಲೆಯಾಡಿಸಿದಳು.